ಸೂಜಿ ಹಿಡಿಯುವ ಕೈಗೆ ಆಕ್ಸಾಲಿಪ್ಲಾಟಿನ್

ಮಂಡ್ಯದಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಫಾಲ್ಸ್ ಹಚ್ಚುವುದು, ಕುಚ್ಚು ಕಟ್ಟುವುದು, ಹುಕ್ಕು, ಕಾಜಾ ಎಲ್ಲವೂ ನನ್ನ ಕೈಯದೇ. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಮೈಸೂರಿನಲ್ಲಿ ಕೀಮೋ ಶುರುವಾದಾಗ ಊರಿನವರೆಲ್ಲ ಕೂದಲಿನ ಬಗ್ಗೆ, ವಾಂತಿಯ ಬಗ್ಗೆ ಹೆದರಿಸಿದರು. ಕೂದಲು ತೆಳ್ಳಗಾಯಿತು ಅಷ್ಟೇ, ಬೋಳಾಗಲಿಲ್ಲ. ವಾಂತಿಯನ್ನು ಮಾತ್ರೆ, ಇಂಜೆಕ್ಷನ್‌ಗಳು ಬಹುಮಟ್ಟಿಗೆ ತಡೆದವು. ನನ್ನನ್ನು ನಿಜವಾಗಿ ಕಾಡಿದ್ದು ಬೆರಳು. ಅದಕ್ಕೆ ಕಾರಣವಾದ ಔಷಧಿಯ ಹೆಸರು ಆಕ್ಸಾಲಿಪ್ಲಾಟಿನ್. ಅದೇ ಔಷಧಿ ಶುರು ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ ಗೊತ್ತಾದದ್ದು ಸುಸ್ತಿನಿಂದ. ಮೆಟ್ಟಿಲು ಹತ್ತಿದರೆ ಏದುಸಿರು, ಮುಖವೆಲ್ಲ ಬಿಳಿಚಿಕೊಂಡಿತ್ತು. ಕಬ್ಬಿಣದ ಮಾತ್ರೆ ನುಂಗಿದರೆ ಹಿಮೋಗ್ಲೋಬಿನ್ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಮುಟ್ಟು ನಿಂತು ಎಷ್ಟು ಕಾಲ ಆಯ್ತಮ್ಮ?’ ಮುಟ್ಟು ನಿಂತ ಹೆಂಗಸಿಗೆ ರಕ್ತ ಕಮ್ಮಿಯಾಗುತ್ತಲೇ ಇದ್ದರೆ ಹೊಟ್ಟೆ, ಕರುಳನ್ನು ನೋಡಲೇಬೇಕು ಎಂದು ಕೊಲನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ, ಬರೆದುಕೊಟ್ಟರು. ಗೆಡ್ಡೆ ಇದ್ದದ್ದು ಕರುಳಿನ ಬಲಭಾಗದಲ್ಲಿ. ಅಲ್ಲಿಂದ ಒಸರುವ ರಕ್ತ ಮಲದಲ್ಲಿ ಬೆರೆತುಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ಆಪರೇಷನ್ನಿನಲ್ಲಿ ಗೆಡ್ಡೆಯ ಜೊತೆಗೆ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ಗ್ರಂಥಿಗಳಲ್ಲಿ ಕ್ಯಾನ್ಸರ್ ಕಣಗಳು ಸಿಕ್ಕವು. ಲಿವರ್, ಶ್ವಾಸಕೋಶಕ್ಕೆ ಹರಡಿರಲಿಲ್ಲ, ಹಾಗಾಗಿ ಮೂರನೇ ಹಂತ ಎಂದರು. ಮೈಸೂರಿನ ಕ್ಯಾನ್ಸರ್ ಡಾಕ್ಟರ್ ಹೇಳಿದ ರೀತಿ ನನಗೆ ಇಂದಿಗೂ ಇಷ್ಟ. ‘ಕಣ್ಣಿಗೆ ಕಂಡದ್ದನ್ನೆಲ್ಲ ಸರ್ಜನ್ ತೆಗೆದಿದ್ದಾರೆ. ಕಣ್ಣಿಗೆ ಕಾಣದ್ದು ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಈ ಔಷಧಿ.’

ಮಗಳು ಬಿಡಲಿಲ್ಲ. ಈ ಔಷಧಿಯಿಂದ ಎಷ್ಟು ಉಪಯೋಗ, ಅಂಕಿಯಲ್ಲಿ ಹೇಳಿ ಅಂದಳು. ಅವರು ಬೇಜಾರು ಮಾಡಿಕೊಳ್ಳದೆ ಮೊಸಾಯಿಕ್ ಎಂಬ ಅಧ್ಯಯನದ ಬಗ್ಗೆ ಹೇಳಿದರು. 2004ರಲ್ಲಿ ಅದರ ಫಲಿತಾಂಶ ಬಂದದ್ದು. ಆಪರೇಷನ್ ಆದ 2,246 ಜನರಲ್ಲಿ ಅರ್ಧದಷ್ಟು ಮಂದಿಗೆ ಫೈವ್ ಎಫ್‌ಯು ಮತ್ತು ಲ್ಯೂಕೊವೊರಿನ್ ಎಂಬ ಹಳೆಯ ಜೋಡಿ, ಉಳಿದರ್ಧಕ್ಕೆ ಅದೇ ಜೋಡಿಯ ಜೊತೆ ಆಕ್ಸಾಲಿಪ್ಲಾಟಿನ್. ಮೂರು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಹಳೆಯ ಜೋಡಿಯಲ್ಲಿ ನೂರಕ್ಕೆ 72.9, ಆಕ್ಸಾಲಿಪ್ಲಾಟಿನ್ ಸೇರಿಸಿದವರಲ್ಲಿ 78.2. ಅಂದರೆ ನೂರು ಜನರಲ್ಲಿ ಸುಮಾರು ಐದು ಜನಕ್ಕೆ ಹೆಚ್ಚಿನ ಲಾಭ. ಕಡಿಮೆಯೂ ಅಲ್ಲ, ಪವಾಡವೂ ಅಲ್ಲ. ಈ ಅಂಕಿ ಮೊದಲೇ ಗೊತ್ತಿದ್ದದ್ದು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಆರು ತಿಂಗಳೋ ಮೂರು ತಿಂಗಳೋ ಎಂಬ ಪ್ರಶ್ನೆಯೂ ಇತ್ತು. ಆರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಂದರಿಂದ ಮೂರು ಗ್ರಂಥಿಗಳಲ್ಲಿ ಮಾತ್ರ ಕ್ಯಾನ್ಸರ್ ಇದ್ದು ಗೆಡ್ಡೆ ತೀರಾ ಆಳಕ್ಕೆ ಹೋಗಿರದವರಿಗೆ, ಕೇಪ್‌ಸೈಟಬಿನ್ ಮಾತ್ರೆ ಮತ್ತು ಆಕ್ಸಾಲಿಪ್ಲಾಟಿನ್ ಸೇರಿದ ಕ್ರಮವನ್ನು ಮೂರು ತಿಂಗಳು ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಲಾಭ. ಆಕ್ಸಾಲಿಪ್ಲಾಟಿನ್ ತರುವ ಕೈಕಾಲಿನ ನರಗಳ ತೊಂದರೆಯಲ್ಲಿ ಮಾತ್ರ ಭಾರಿ ವ್ಯತ್ಯಾಸ. ಮೂರು ತಿಂಗಳು ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 15 ಜನಕ್ಕೆ ಗಮನಿಸಬೇಕಾದ ಮಟ್ಟದ ಜೋಮು, ಆರು ತಿಂಗಳಿನವರಲ್ಲಿ ಸುಮಾರು 45. ನನ್ನದು ನಾಲ್ಕು ಗ್ರಂಥಿ, ಹಾಗಾಗಿ ಆರು ತಿಂಗಳು. ಆದರೆ ನಿಮ್ಮ ವರದಿಯಲ್ಲಿ ಗ್ರಂಥಿಗಳ ಸಂಖ್ಯೆ ಕಡಿಮೆಯಿದ್ದರೆ ಈ ಪ್ರಶ್ನೆಯನ್ನು ದಯವಿಟ್ಟು ಮೊದಲ ದಿನವೇ ಕೇಳಿ.

ನನಗೆ ಕೊಟ್ಟದ್ದು ಆ ಹಳೆಯ ಜೋಡಿ ಮತ್ತು ಆಕ್ಸಾಲಿಪ್ಲಾಟಿನ್ ಸೇರಿದ ಕ್ರಮ, ಹೆಸರು ಫಾಲ್ಫಾಕ್ಸ್. ಎರಡು ವಾರಕ್ಕೊಮ್ಮೆ, ಒಟ್ಟು 12 ಸುತ್ತು. ಹಿಂದಿನ ದಿನ ಮಂಡ್ಯದ ಲ್ಯಾಬಿನಲ್ಲಿ ರಕ್ತ ಕೊಟ್ಟು ವರದಿ ಹಿಡಿದುಕೊಂಡು ಹೋಗಬೇಕು. ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ 75,000 ದಾಟಿದ್ದರೆ ಮಾತ್ರ ಔಷಧಿ. ಒಮ್ಮೆ ಪ್ಲೇಟ್‌ಲೆಟ್ ಇಳಿದು ವಾಪಸ್ ಕಳಿಸಿದರು. ಆ ವಾರವಿಡೀ ಬೀದಿಯವರೆಲ್ಲ ಪರಂಗಿ ಎಲೆ ರಸ ಕುಡಿ ಎಂದು ದುಂಬಾಲು ಬಿದ್ದರು. ಡಾಕ್ಟರನ್ನು ಕೇಳಿದೆ, ಕೀಮೋ ನಡೆಯುವಾಗ ಯಾವ ರಸವೂ ಬೇಡ, ತಾನೇ ಏರುತ್ತದೆ ಅಂದರು. ಮುಂದಿನ ವಾರಕ್ಕೆ ಏರಿತ್ತು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ರೇಷನ್ ಕಾರ್ಡು, ಆಧಾರ್ ಇವುಗಳ ಐದಾರು ಜೆರಾಕ್ಸ್ ಪ್ರತಿಯನ್ನು ಯಾವಾಗಲೂ ಚೀಲದಲ್ಲಿ ಇಟ್ಟುಕೊಳ್ಳಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ರಿಯಾಯಿತಿ ಇದೆ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯವರು ಬರೆದುಕೊಡುತ್ತಾರೆ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ ಹೇಗೂ ಉಚಿತ. ನಾನು ಹೋಗುವಾಗ ಬಸ್ಸು, ಬರುವಾಗ ರೈಲು ಹಿಡಿಯುತ್ತಿದ್ದೆ. ಕೀಮೋ ಆದ ಮೇಲೆ ಹೊಟ್ಟೆಯನ್ನು ನಂಬಲಾಗುವುದಿಲ್ಲ, ರೈಲಿನಲ್ಲಾದರೆ ಟಾಯ್ಲೆಟ್ ಇರುತ್ತದೆ.

ಕಾಲರ್ ಮೂಳೆಯ ಕೆಳಗೆ ಚರ್ಮದೊಳಗೆ ಪೋರ್ಟ್, ಅಂದರೆ ಔಷಧಿ ಹಾಕುವ ಪುಟ್ಟ ಸಾಧನ, ಕೂರಿಸಿದ್ದರು. ಪ್ರತಿ ಸಲ ಕೈಯ ರಕ್ತನಾಳ ಹುಡುಕುವ ಹಿಂಸೆ ತಪ್ಪಿತು. ಔಷಧಿ ಎಷ್ಟು ಕೊಡಬೇಕೆಂದು ತಿಳಿಯಲು ಎತ್ತರ, ತೂಕ ನೋಡಿ ಮೈಯ ವಿಸ್ತೀರ್ಣ ಲೆಕ್ಕ ಹಾಕುತ್ತಾರೆ. ದಿನವೂ ಬಟ್ಟೆ ಅಳೆಯುವ ನನಗೆ ಈ ಲೆಕ್ಕ ಬೇಗ ಹಿಡಿಸಿತು. ಆಕ್ಸಾಲಿಪ್ಲಾಟಿನ್ ಚದರ ಮೀಟರಿಗೆ 85 ಮಿಲಿಗ್ರಾಂ, ನನ್ನ ಮೈ ಹತ್ತಿರ ಹತ್ತಿರ ಒಂದೂವರೆ ಚದರ ಮೀಟರ್, ಆದ್ದರಿಂದ 127 ಮಿಲಿಗ್ರಾಂ ಚಿಲ್ಲರೆ. ಈ ಸಂಖ್ಯೆಯನ್ನು ಫೈಲಿನಲ್ಲಿ ನೋಡಿ ನೆನಪಿಟ್ಟುಕೊಂಡೆ.

ಆಕ್ಸಾಲಿಪ್ಲಾಟಿನ್ ಹನಿಹನಿಯಾಗಿ ಇಳಿಯಲು ಎರಡು ಗಂಟೆ ಬೇಕು. ಅದನ್ನು ಗ್ಲೂಕೋಸ್ ನೀರಿನಲ್ಲೇ ಬೆರೆಸಬೇಕು, ಸಲೈನ್‌ನಲ್ಲಿ ಬೆರೆಸುವಂತಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಔಷಧಿಯನ್ನು ಒಡೆದುಹಾಕುತ್ತದೆಯಂತೆ. ಪಕ್ಕದ ಹಾಸಿಗೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ಅಜ್ಜಿಗೆ ಗ್ಲೂಕೋಸ್ ಹಾಕುತ್ತಿದ್ದಾರೆಂದು ಅವರ ಮಗ ಗಾಬರಿಯಾಗಿದ್ದ. ಬಾಟಲಿಯಲ್ಲಿರುವುದು ಶೇಕಡಾ 5ರ ದ್ರಾವಣ ಮಾತ್ರ, ಅದಕ್ಕಿಂತ ವಾಂತಿಗೆ ಕೊಡುವ ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ, ಅದನ್ನು ನೋಡಿಕೊಳ್ಳುತ್ತೇವೆ ಎಂದು ನರ್ಸ್ ಸಮಾಧಾನ ಹೇಳಿದರು. ಆಮೇಲೆ ಫೈವ್ ಎಫ್‌ಯು. ಅದು ಸ್ವಲ್ಪ ಒಮ್ಮೆಲೇ, ಉಳಿದದ್ದು 46 ಗಂಟೆ ಕಾಲ ಸೊಂಟಕ್ಕೆ ಕಟ್ಟಿಕೊಂಡ ಪುಟ್ಟ ಪಂಪಿನಿಂದ. ಅದನ್ನು ಕಟ್ಟಿಕೊಂಡೇ ಮಂಡ್ಯಕ್ಕೆ ಬಂದು, ಮುಗಿದ ಮೇಲೆ ತೆಗೆಸಲು ಮತ್ತೆ ಮೈಸೂರಿಗೆ ಹೋಗಬೇಕಿತ್ತು. ಪಂಪಿಗೆಂದು ನಾನೇ ಹತ್ತಿಯ ಚೀಲವೊಂದನ್ನು ಹೊಲಿದುಕೊಂಡೆ, ಸೀರೆಯೊಳಗೆ ಕಾಣುತ್ತಿರಲಿಲ್ಲ. ನೋಡಿದ ಇನ್ನೂ ಕೆಲವರು ಕೇಳಿದರು, ಅವರಿಗೂ ಹೊಲಿದುಕೊಟ್ಟೆ.

ಹೆಸರಿನಲ್ಲಿರುವ ಪ್ಲಾಟಿನ್ ಎಂದರೆ ಒಡವೆ ಅಂಗಡಿಯ ಪ್ಲಾಟಿನಮ್ಮೇ. 1965ರಲ್ಲಿ ಅಮೆರಿಕದಲ್ಲಿ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಬೆಳೆಸಿದ ನೀರಿಗೆ ಪ್ಲಾಟಿನಂ ತಂತಿಗಳಿಂದ ವಿದ್ಯುತ್ ಹಾಯಿಸಿದಾಗ ಬ್ಯಾಕ್ಟೀರಿಯಾಗಳು ಇಬ್ಭಾಗವಾಗುವುದನ್ನೇ ನಿಲ್ಲಿಸಿದವು. ಹಾಗೆ ಹುಟ್ಟಿದ್ದು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ. ಅದು ಕರುಳಿನ ಕ್ಯಾನ್ಸರಿಗೆ ನಾಟಲಿಲ್ಲ. 1976ರಲ್ಲಿ ಜಪಾನಿನ ನಗೋಯಾದಲ್ಲಿ ಯೋಶಿನೋರಿ ಕಿದಾನಿ ಮತ್ತು ಅವರ ತಂಡ ಆಕ್ಸಾಲಿಪ್ಲಾಟಿನ್ ರೂಪಿಸಿದರು. 1996ರಲ್ಲಿ ಫ್ರಾನ್ಸ್, 2002ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟವು. ಈಗ ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪ್ಲಾಟಿನಂ ಜೀವಕೋಶದೊಳಗಿನ ಡಿಎನ್‌ಎ ಎಳೆಗಳಿಗೆ ಅಂಟಿಕೊಂಡು ಅವನ್ನು ಬಿಗಿದು ಬಿಡುತ್ತದೆ. ಎಳೆ ಬಿಡಿಸಿಕೊಂಡು ಇನ್ನೊಂದು ಪ್ರತಿ ಮಾಡಿಕೊಳ್ಳಲಾಗದೆ ಕೋಶ ಸಾಯುತ್ತದೆ. ಆದರೆ ಅದೇ ಪ್ಲಾಟಿನಂ ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲೂ ಸೇರಿಕೊಳ್ಳುತ್ತದೆ. ಕೈಕಾಲಿನ ಸ್ಪರ್ಶ ಮಿದುಳಿಗೆ ಹೋಗುವುದು ಅಲ್ಲಿಂದಲೇ.

ಮೊದಲ ಸುತ್ತು ಮುಗಿಸಿ ಮನೆಗೆ ಬಂದದ್ದು ಮಾರ್ಗಶಿರದ ಚಳಿಯಲ್ಲಿ. ನಲ್ಲಿಯ ಕಾವೇರಿ ನೀರಿಗೆ ಕೈಯೊಡ್ಡಿದೆ, ಮೊಣಕೈವರೆಗೆ ಶಾಕ್ ಹೊಡೆಯಿತು. ಡಾಕ್ಟರ್ ಮೊದಲೇ ಎಚ್ಚರಿಸಿದ್ದರು, ಆದರೂ ಕಣ್ಣಲ್ಲಿ ನೀರು ಬಂತು. ಸ್ಟೀಲ್ ಲೋಟ ಮುಟ್ಟಿದರೆ ಹಾಗೇ, ಕೆಂಪು ಗಾರೆ ನೆಲಕ್ಕೆ ಬರಿಗಾಲು ಇಟ್ಟರೆ ಹಾಗೇ. ಫ್ರಿಜ್ ತೆಗೆಯುವುದನ್ನು ಮಗಳಿಗೆ ಬಿಟ್ಟೆ. ಪ್ಲಾಸ್ಟಿಕ್ ಲೋಟ, ಕಾಲುಚೀಲ, ಕೈಗೆ ಉಣ್ಣೆಯ ಗ್ಲೌಸು, ಪಾತ್ರೆ ತೊಳೆಯಲು ಬಿಸಿನೀರು. ಎಳನೀರನ್ನು ಮದ್ದೂರಿನಿಂದ ತರಿಸಿ ಹೊರಗೇ ಇಟ್ಟು ಕುಡಿಯುತ್ತಿದ್ದೆ.

ಹೆಚ್ಚು ಹೆದರಿಸಿದ್ದು ಗಂಟಲು. ಧನುರ್ಮಾಸದ ಪೂಜೆಗೆಂದು ಬೆಳಗಿನ ಜಾವ ದೇವಸ್ಥಾನಕ್ಕೆ ಹೊರಟವಳಿಗೆ ಬೀದಿಯ ತಿರುವಿನಲ್ಲೇ ಉಸಿರು ಕಟ್ಟಿದಂತಾಯಿತು. ಗಾಳಿ ಒಳಗೆ ಹೋಗುತ್ತಿದೆ, ಆದರೆ ಹೋಗುತ್ತಿದೆ ಎಂದು ಗಂಟಲಿಗೆ ಗೊತ್ತಾಗುತ್ತಿಲ್ಲ. ನರ್ಸ್ ಕಲಿಸಿಕೊಟ್ಟಂತೆ ನಿಂತು, ಸೆರಗಿನಿಂದ ಮೂಗು ಬಾಯಿ ಮುಚ್ಚಿ, ನನ್ನದೇ ಬಿಸಿಯುಸಿರನ್ನು ಎಳೆದುಕೊಂಡೆ. ಮನೆಗೆ ಬಂದು ಬಿಸಿನೀರು ಗುಟುಕರಿಸಿದ ಮೇಲೆ ಸರಿಯಾಯಿತು. ಚಳಿಯಿಂದಾಗುವ ಈ ತೊಂದರೆ ತಾನೇ ಹೋಗುತ್ತದೆ. ಆದರೆ ಔಷಧಿ ಇಳಿಯುತ್ತಿರುವಾಗ ಅಂಗೈ ತುರಿಸಿ, ಮುಖ ಕೆಂಪಾಗಿ, ಎದೆ ಬಿಗಿದರೆ ಅದು ಅಲರ್ಜಿ, ತಕ್ಷಣ ನರ್ಸನ್ನು ಕೂಗಬೇಕು. ಹಲವು ಸುತ್ತು ಸುಮ್ಮನಿದ್ದು ಆಮೇಲೂ ಅದು ಬರಬಹುದು. ಇನ್ನು ಮನೆಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಡೋಲೋ ನುಂಗಿ ಮಲಗುವಂತಿಲ್ಲ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಊಟದ ಮೊದಲ ತುತ್ತು ಅಗಿದ ಕೂಡಲೇ ದವಡೆಯ ಮೂಲದಲ್ಲಿ ಚಳಕ್ ಅನ್ನುತ್ತಿತ್ತು. ಎರಡು ಮೂರು ತುತ್ತು ಆದ ಮೇಲೆ ಇರುತ್ತಿರಲಿಲ್ಲ. ಇದಕ್ಕೆ ನಮ್ಮ ರಾಗಿ ಮುದ್ದೆ ಕೈ ಹಿಡಿಯಿತು. ಬಿಸಿಯಾಗಿರುತ್ತದೆ, ಅಗಿಯುವ ಹಾಗೇ ಇಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗುವುದು. ಮುದ್ದೆಯಿಂದ ಶುರು ಮಾಡಿ ಆಮೇಲೆ ಅನ್ನ ಪಲ್ಯಕ್ಕೆ ಬರುತ್ತಿದ್ದೆ. ಆಸ್ಪತ್ರೆಯ ಆಹಾರ ತಜ್ಞೆಗೆ ಇದನ್ನು ಹೇಳಿದಾಗ ಅವರು ಬರೆದುಕೊಂಡರು.

ಆರಂಭದ ಸುತ್ತುಗಳಲ್ಲಿ ಇದೆಲ್ಲ ಕೆಲವು ದಿನ ಇದ್ದು ಹೋಗುತ್ತಿತ್ತು. ಉಳಿದ ದಿನ ಎಂದಿನಂತೆ ಹೊಲಿಯುತ್ತಿದ್ದೆ. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿದೆ, ಮಷೀನಿನ ಕಬ್ಬಿಣದ ಚಕ್ರಕ್ಕೂ ಸುತ್ತಿದೆ. ಅರ್ಧ ದಾರಿ ದಾಟುವ ಹೊತ್ತಿಗೆ ಬೇರೆಯದೇ ಒಂದು ಕಾಣಿಸಿಕೊಂಡಿತು. ಚಳಿಯಿಲ್ಲ, ನೀರು ಮುಟ್ಟಿಲ್ಲ, ಆದರೂ ಬೆರಳ ತುದಿ ಮಂಕಾಗಿದೆ. ತೆಳುವಾದ ಗ್ಲೌಸ್ ಹಾಕಿಕೊಂಡು ಬಟ್ಟೆ ಮುಟ್ಟಿದ ಹಾಗೆ. ರೇಷ್ಮೆ ಯಾವುದು, ಪಾಲಿಯೆಸ್ಟರ್ ಯಾವುದು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದವಳಿಗೆ ಎರಡೂ ಒಂದೇ ಅನ್ನಿಸಿತು. ಸೂಜಿಗೆ ದಾರ ಪೋಣಿಸುವುದು ಕಷ್ಟವಾಯಿತು. ಒಂದು ಸಂಜೆ ಬಿಳಿ ಬ್ಲೌಸಿನ ಮೇಲೆ ರಕ್ತದ ಚುಕ್ಕೆ ಕಂಡ ಮೇಲಷ್ಟೇ ಬೆರಳಿಗೆ ಸೂಜಿ ಚುಚ್ಚಿದೆ ಎಂದು ಗೊತ್ತಾದದ್ದು.

ಇದು ಚಳಿಯ ಶಾಕಿಗಿಂತ ಬೇರೆ ಜಾತಿಯದು. ದೇಹದಲ್ಲಿ ಪ್ಲಾಟಿನಂ ಒಟ್ಟುಗೂಡುತ್ತ ಹೋದಂತೆ ಬರುವುದು, ಸುತ್ತಿನಿಂದ ಸುತ್ತಿಗೆ ಬೆಳೆಯುವುದು. ನಾನು ಮುಂದಿನ ಭೇಟಿಯಲ್ಲೇ ಹೇಳಿದೆ. ಡಾಕ್ಟರ್ ಕೇಳಿದ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿವೆ. ಮುಂದಿನ ಸುತ್ತು ಬರುವವರೆಗೂ ಜೋಮು ಉಳಿಯುತ್ತಾ? ಗುಂಡಿ ಹಾಕಲು ಆಗುತ್ತಾ? ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದರೆ ಗೊತ್ತಾಗುತ್ತಾ? ಕತ್ತಲಲ್ಲಿ ತೂರಾಡುತ್ತೀರಾ? ಆಮೇಲೆ ಕಂಪಿಸುವ ಲೋಹದ ಕವೆಯೊಂದನ್ನು ಕಾಲ್ಬೆರಳಿನ ಮೇಲೆ ಇಟ್ಟು, ಕಂಪನ ನಿಂತ ಕೂಡಲೇ ಹೇಳಿ ಅಂದರು. ನಿಂತಿತು ಅಂದೆ. ಅವರ ಕೈಗೆ ಅದು ಇನ್ನೂ ಕಂಪಿಸುತ್ತಿತ್ತು.

ಆ ಸಲ ಆಕ್ಸಾಲಿಪ್ಲಾಟಿನ್ ಚದರ ಮೀಟರಿಗೆ 85 ಹೋಗಿ 75 ಮಿಲಿಗ್ರಾಂ ಆಯಿತು. ಫೈಲಿನಲ್ಲಿ 112 ಮಿಲಿಗ್ರಾಂ ಎಂದು ನೋಡಿದಾಗ ಎದೆ ಧಸಕ್ಕೆಂದಿತು. ಕಡಿಮೆ ಮಾಡಿದರೆ ಕ್ಯಾನ್ಸರ್ ವಾಪಸ್ ಬರುತ್ತದಾ? ಕಾಯುವ ಕೋಣೆಯಲ್ಲಿ ಕೂತವರೆಲ್ಲರ ಭಯ ಇದೇ. ಈ ಭಯಕ್ಕೇ ಎಷ್ಟೋ ಜನ ಜೋಮು ಇದೆ ಎಂದು ಬಾಯಿ ಬಿಡುವುದಿಲ್ಲ. ಶ್ರೀರಂಗಪಟ್ಟಣದ ಕಡೆಯ ರೈತರೊಬ್ಬರು ಕೊನೆಯವರೆಗೂ ‘ಚೆನ್ನಾಗಿವ್ನಿ ಸಾ’ ಎಂದೇ ಹೇಳಿ ಪೂರ್ತಿ ಔಷಧಿ ಹಾಕಿಸಿಕೊಂಡರು. ಗದ್ದೆಯ ಕೆಸರಿನಲ್ಲಿ ಗಾಜು ಹೊಕ್ಕು ಪಾದ ಕೊಯ್ದದ್ದು ಮನೆಗೆ ಬಂದು ಕಾಲು ತೊಳೆಯುವಾಗ ತಿಳಿಯಿತಂತೆ. ಅವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಅವರ ಮೇಲಲ್ಲ. ಕೀಮೋ ಅಂದರೆ ಹಲ್ಲು ಕಚ್ಚಿ ಸಹಿಸಿಕೊಳ್ಳುವುದು ಎಂದು ಹೇಳಿಕೊಟ್ಟ ನಮ್ಮೆಲ್ಲರ ಮೇಲೆ.

ಕೊನೆಯ ಕೆಲವು ಸುತ್ತುಗಳಿಗೆ ಆಕ್ಸಾಲಿಪ್ಲಾಟಿನ್ ಪೂರ್ತಿ ನಿಲ್ಲಿಸಿ, ಫೈವ್ ಎಫ್‌ಯು ಮತ್ತು ಲ್ಯೂಕೊವೊರಿನ್ ಮಾತ್ರ ಮುಂದುವರಿಸಿದರು. ಆಗ ಮೊದಲ ದಿನದ ಅಂಕಿ ನೆನಪಾಯಿತು. ಆಕ್ಸಾಲಿಪ್ಲಾಟಿನ್ ಇಲ್ಲದ ಜೋಡಿಯಲ್ಲೂ ನೂರಕ್ಕೆ 72.9 ಜನ ಮೂರು ವರ್ಷ ಕಾಯಿಲೆಯಿಲ್ಲದೆ ಇದ್ದರು. ನನಗೋ ಆಕ್ಸಾಲಿಪ್ಲಾಟಿನ್ನಿನ ಬಹುಪಾಲು ಆಗಲೇ ಒಳಗೆ ಹೋಗಿತ್ತು. ಚಿಕಿತ್ಸೆ ನಿಂತಿಲ್ಲ, ಒಂದು ಔಷಧಿ ನಿಂತಿದೆ ಎಂದು ಮಗಳು ಕೂರಿಸಿಕೊಂಡು ಹೇಳಿದಳು. ಬಾಯಿ ಮುಚ್ಚಿಕೊಂಡು 12 ಸುತ್ತೂ ಹಾಕಿಸಿಕೊಂಡಿದ್ದರೆ ಕ್ಯಾನ್ಸರಿನ ವಿರುದ್ಧ ಅದೆಷ್ಟು ಹೆಚ್ಚು ಸಿಗುತ್ತಿತ್ತೋ, ನನ್ನ ಕಸುಬಂತೂ ಹೋಗುತ್ತಿತ್ತು.

ನಿಲ್ಲಿಸಿದ ಮೇಲೂ ಜೋಮು ಒಂದೆರಡು ತಿಂಗಳು ಏರಿತು. ಇದನ್ನೂ ಡಾಕ್ಟರ್ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಗಾಬರಿಯಾಗುತ್ತಿದ್ದೆ. ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಮೊಸಾಯಿಕ್ ಅಧ್ಯಯನದಲ್ಲಿ ಚಿಕಿತ್ಸೆಯ ವೇಳೆ ತೀವ್ರ ಜೋಮು ಇದ್ದವರು ನೂರಕ್ಕೆ 12.4, ಒಂದು ವರ್ಷದ ನಂತರ 1.1. ಸೌಮ್ಯವಾದದ್ದು ಮಾತ್ರ ಹಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉರಿ, ನೋವು ಇರುವವರಿಗೆ ಡ್ಯುಲಾಕ್ಸೆಟಿನ್ ಮಾತ್ರೆ ಕೊಡುತ್ತಾರೆ. ನನ್ನದು ಬರಿಯ ಮರಗಟ್ಟುವಿಕೆ, ಆದ್ದರಿಂದ ಕೊಡಲಿಲ್ಲ. ಜೋಮು ಬರದಂತೆ ಮೊದಲು ಕ್ಯಾಲ್ಸಿಯಂ, ಮೆಗ್ನೀಷಿಯಂ ಡ್ರಿಪ್ ಹಾಕುತ್ತಿದ್ದರಂತೆ, ಪರೀಕ್ಷೆಯಲ್ಲಿ ಉಪಯೋಗ ಕಾಣದೆ ಬಿಟ್ಟರು. ಯಾರಾದರೂ ದುಬಾರಿ ನರದ ಟಾನಿಕ್ ಬರೆದುಕೊಟ್ಟರೆ ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ದುಡ್ಡು ಹಾಕಬೇಡಿ.

ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳಲ್ಲಿ ಇಸ್ತ್ರಿ ಪೆಟ್ಟಿಗೆಯದು ಮುಖ್ಯ. ಬಿಸಿ ಗೊತ್ತಾಗದ ಬೆರಳಿಗೆ ಇಸ್ತ್ರಿ ಅಪಾಯ. ಈಗಲೂ ಸೀಮ್ ಒತ್ತುವ ಕೆಲಸ ಮಗಳದ್ದು. ಕೈಹೊಲಿಗೆಗೆ ಅಂಗುಸ್ತಾನ ಹಾಕುತ್ತೇನೆ. ಪಾದಕ್ಕೆ ಪೆಡಲ್ ಸರಿಯಾಗಿ ತಿಳಿಯದ ಕಾರಣ ಮಷೀನಿಗೆ ಮೋಟಾರ್ ಹಾಕಿಸಿ ವೇಗ ತಗ್ಗಿಸಿಕೊಂಡೆ. ಹಿಂದಿನ ಬಾಗಿಲ ಹೊರಗೆ ಹೆಜ್ಜೆ ಇಡುವಾಗಲೂ ಚಪ್ಪಲಿ, ಅದೂ ಹಿಂದೆ ಪಟ್ಟಿ ಇರುವಂಥದ್ದು. ರಾತ್ರಿ ಮಲಗುವ ಮುಂಚೆ ಪಾದವನ್ನು ತಿರುಗಿಸಿ ನೋಡುತ್ತೇನೆ.

ಕೈಬೆರಳುಗಳು ಬಹುಪಾಲು ಮರಳಿವೆ. ಫಾಲ್ಸ್ ಹಚ್ಚುತ್ತೇನೆ, ಹುಕ್ಕು ಹಾಕುತ್ತೇನೆ. ಕುಚ್ಚಿನ ಸಣ್ಣ ಮಣಿ ಪೋಣಿಸುವುದು ಇನ್ನೂ ಆಗುವುದಿಲ್ಲ, ಆ ಕೆಲಸವನ್ನು ಎದುರು ಮನೆಯ ಹುಡುಗಿಗೆ ಕಲಿಸಿ ಕೊಟ್ಟಿದ್ದೇನೆ. ಕಾಲ್ಬೆರಳುಗಳು ಮಂಕಾಗಿಯೇ ಇವೆ. ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ, ಕ್ಯಾನ್ಸರ್ ಮರಳಿದರೆ ಸುಳಿವು ಕೊಡುವ ಸಿಇಎ ರಕ್ತ ಪರೀಕ್ಷೆ ಮಾಡಿಸುತ್ತೇನೆ. ವರ್ಷದ ಕೊಲನೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಒಡಹುಟ್ಟಿದವರೂ ಕೊಲನೋಸ್ಕೋಪಿ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ತಂಗಿ ಮಾಡಿಸಿಕೊಂಡಳು, ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಇತ್ತು, ಅಲ್ಲೇ ತೆಗೆದರು. ತಮ್ಮ ಕಬ್ಬು ಕಡಿಯುವುದು ಮುಗಿಯಲಿ ಅನ್ನುತ್ತಿದ್ದಾನೆ. ಈ ಸಲ ಮೈಸೂರಿಗೆ ಹೋಗುವಾಗ ಅವನನ್ನೂ ಕರೆದುಕೊಂಡೇ ಹೋಗುತ್ತೇನೆ.